ಡೋಣಿ ಸೀಮೆಯಲ್ಲಿ ಕೆರೆ ಹುಡುಕಿದವರು

ವಿಜಯಪುರ ಜಿಲ್ಲೆಯ ಸಾರವಾಡದ ಮಗ್ಗುಲಲ್ಲೇ ಡೋಣಿ ಹರಿಯುತ್ತದೆ. ಆದರೆ ರಜೆಯ ದಿನ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು, ಕೈಯಲ್ಲೊಂದು ಗಾಳ ಹಿಡಿದು ನೀರಿನ ದಂಡೆಗೆ ಹೊರಡುವ ಮನೆಮಂದಿಗೆ ಡೋಣಿ ಒದಗಿ ಬರುವ ಹೊಳೆಯಲ್ಲ. ಮಹಾರಾಷ್ಟ್ರದ ಜತ್ತ ಭಾಗದಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯ ನಡುವೆ ಪೂರ್ವಕ್ಕೆ ಸಾಗಿ ಕೃಷ್ಣೆಯನ್ನು ಸೇರುವ ಈ ಹೊಳೆಯ ನೀರು ಸವಳು. ಬೇಸಿಗೆಯಲ್ಲಿ ಅದು ಸಣ್ಣ ಸೆಳಕಾಗುತ್ತದೆ. ಮಳೆ ಜೋರಾದ ವರ್ಷ ಹೂಳು ತುಂಬಿದ ಪಾತ್ರವನ್ನು ದಾಟಿ ಹೊಲಗಳಿಗೆ ನುಗ್ಗುತ್ತದೆ. ಹಾಗೆ ನುಗ್ಗಿ ಹಾಸಿಹೋದ ಎರೆಮಣ್ಣಿನಲ್ಲೇ ಬಿಳಿಜೋಳ, ಕಡಲೆ, ಕುಸುಬೆ ಬೆಳೆದದ್ದು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆ ಇಲ್ಲಿ ಚಿಕ್ಕವರಿಗೂ ಗೊತ್ತು. ಕಣ ತುಂಬಿಸಿದ ಹೊಳೆ ಕೊಡ ತುಂಬಿಸಲಿಲ್ಲ. ಸಿಹಿನೀರು ಬೇಕೆಂದರೆ ಈ ಸೀಮೆಯವರು ಬಾವಿ ತೋಡಬೇಕಿತ್ತು, ಇಲ್ಲವೇ ಹಳ್ಳಕ್ಕೆ ಒಡ್ಡು ಹಾಕಬೇಕಿತ್ತು.

ಈ ಭಾಗದ ಹೆಸರಾಂತ ಕೆರೆಗಳೆಲ್ಲ ಹಾಗೆ ಯಾರೋ ಜಾಗ ಹುಡುಕಿ, ಹಳ್ಳದ ಇಳಿಜಾರು ನೋಡಿ, ಕಲ್ಲು ಮಣ್ಣು ಹೊತ್ತು ನಿಲ್ಲಿಸಿದ ನೀರು. ಯಾವ ಕೆರೆಗೆ ಹೋಗೋಣ ಎಂದು ಇಂದಿನ ಕುಟುಂಬ ಕೇಳುವಾಗ, ಆ ಪ್ರಶ್ನೆಗೆ ಅರ್ಧ ಉತ್ತರವನ್ನು ನೂರಾರು ವರ್ಷದ ಹಿಂದಿನ ಜನ ಕೊಟ್ಟಾಗಿದೆ. ಕುಡಿಯಲೆಂದು ಕಟ್ಟಿದ ಕೆರೆ, ಮೋಜಿಗೆಂದು ಕಟ್ಟಿದ ಕೆರೆ, ಹೊಲಕ್ಕೆಂದು ಕಟ್ಟಿದ ಕೆರೆ ಇವು ಮೂರೂ ಬೇರೆ ಬೇರೆ. ಯಾವುದರಲ್ಲಿ ಚೈತ್ರದವರೆಗೂ ನೀರು ನಿಲ್ಲುತ್ತದೆ, ಯಾವುದರಲ್ಲಿ ಮೀನು ಬಲಿಯುತ್ತದೆ, ಯಾವುದರ ದಂಡೆಯಲ್ಲಿ ನೆರಳಿದೆ ಎಂಬುದನ್ನೆಲ್ಲ ಆ ಮೊದಲ ಉದ್ದೇಶ ಇವತ್ತಿಗೂ ಬಹಳಮಟ್ಟಿಗೆ ತೀರ್ಮಾನಿಸುತ್ತದೆ.

ಮೀನು ಹಿಡಿಯುವುದು ಕಸುಬಾಗಿ ಎಷ್ಟು ಹಳೆಯದೆಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಅದು ವಿಹಾರವಾಗಿ, ಬಿಡುವಿನ ಸಂತೋಷವಾಗಿ ಯಾವಾಗ ಬರವಣಿಗೆಗೆ ಇಳಿಯಿತು ಎಂಬುದಕ್ಕೆ ಕನ್ನಡ ನಾಡಿನಲ್ಲಿ ಒಂದು ಗಟ್ಟಿ ಸಾಕ್ಷಿ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ಇಂದಿನ ವಿಜಯಪುರ ಜಿಲ್ಲೆಯೂ ಆ ರಾಜ್ಯದ ಒಳಗಿನದೇ. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳಿದ್ದ ಈ ಅರಸ 1130ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಕಟ್ಟು. ಒಟ್ಟು ನೂರು ಅಧ್ಯಾಯ. ರಾಜ್ಯ ಗಳಿಸುವುದು, ಉಳಿಸಿಕೊಳ್ಳುವುದು, ಉಣ್ಣುವುದು, ಉಡುವುದು, ಹಾಡುವುದು, ಆಡುವುದು ಎಲ್ಲವೂ ಅದರಲ್ಲಿದೆ. ನಾಲ್ಕನೆಯ ಕಟ್ಟಾದ ವಿನೋದ ವಿಂಶತಿಯಲ್ಲಿ ಒಂದು ಪೂರ್ತಿ ಭಾಗಕ್ಕೆ ಮತ್ಸ್ಯವಿನೋದ ಎಂದೇ ಹೆಸರು.

ಅಲ್ಲಿ ಸೋಮೇಶ್ವರ ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಸಮುದ್ರದವು ಯಾವುವು, ಹೊಳೆಯವು ಯಾವುವು, ಹುರುಪೆ ಇರುವವು ಯಾವುವು, ಇಲ್ಲದವು ಯಾವುವು, ದೊಡ್ಡವು ಯಾವುವು, ಚಿಕ್ಕವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು ಹಿತ, ಗಾಳದ ಕೊಕ್ಕೆ ಹೇಗಿರಬೇಕು, ದಾರ ಯಾವುದರದಾಗಬೇಕು, ಕೋಲು ಹೇಗಿರಬೇಕು ಎಂದು ವಿವರಿಸುತ್ತಾನೆ. ಮೀನು ಕಚ್ಚಿದೊಡನೆ ಎಳೆಯುವುದಲ್ಲ. ಅದಕ್ಕೂ ಮೊದಲೇ ಆ ಮಡುವಿನಲ್ಲಿ ತಿನಿಸು ಹಾಕಿ, ಮೀನುಗಳಿಗೆ ಆ ಜಾಗದ ರೂಢಿ ಹಿಡಿಸಬೇಕು ಎಂಬ ಕ್ರಮ ಅವನದು. ಇಂದಿಗೂ ಅನುಭವಸ್ಥ ಗಾಳಗಾರ ಮೊದಲು ನೀರಿಗೆ ಹಿಟ್ಟಿನ ಉಂಡೆ ಎಸೆದು ಕಾಯುತ್ತಾನೆ. ಇಂಗ್ಲೆಂಡಿನಲ್ಲಿ ಗಾಳದ ಬಗೆಗಿನ ಮೊದಲ ಅಚ್ಚಿನ ಪುಸ್ತಕ ಬಂದದ್ದು 1496ರಲ್ಲಿ. ಐಸಾಕ್ ವಾಲ್ಟನ್ ತನ್ನ ಜಗತ್ಪ್ರಸಿದ್ಧ ಗಾಳದ ಪುಸ್ತಕವನ್ನು ಪ್ರಕಟಿಸಿದ್ದು 1653ರಲ್ಲಿ. ಅವೆರಡಕ್ಕೂ ಮುನ್ನೂರೈವತ್ತಕ್ಕಿಂತ ಹೆಚ್ಚು ವರ್ಷ ಮೊದಲೇ ಕನ್ನಡ ದೊರೆಯೊಬ್ಬ ಈ ವಿದ್ಯೆಯನ್ನು ಶಾಸ್ತ್ರವಾಗಿ ಬರೆದಿಟ್ಟಿದ್ದ. ಇದನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳುವವರು ಕಡಿಮೆ. ಮೀನುವಿಜ್ಞಾನಿ ಸುಂದರ್‌ಲಾಲ್ ಹೋರಾ 20ನೇ ಶತಮಾನದ ನಡುವಿನಲ್ಲಿ ಈ ಅಧ್ಯಾಯದ ಮೇಲೆ ಬರೆದ ಮೇಲೆಯೇ ಹೊರಗಿನ ವಿದ್ವಾಂಸರ ಕಣ್ಣು ಇತ್ತ ಹೊರಳಿದ್ದು.

ಆದರೆ ಅದು ಅರಸನ ವಿನೋದ. ಮೀನು ಹಿಡಿದು ಹೊಟ್ಟೆ ಹೊರೆಯುವ ಅಂಬಿಗ, ಕಬ್ಬಲಿಗ, ಬೆಸ್ತರ ಮನೆಗಳಲ್ಲಿ ಗಾಳ, ಬೀಸುಬಲೆ, ಕೂಳಿ, ಹರಿಗೋಲು ಬಿಡುವಿನ ಸಾಮಾನುಗಳಾಗಿರಲಿಲ್ಲ. ಸೋಮೇಶ್ವರ ಬರೆದ ಜ್ಞಾನದ ಬಹುಪಾಲು ಅವರ ಕೈಯಿಂದಲೇ ಬಂದಿರಬೇಕು. ಮೀನು ಎಲ್ಲಿ ಮೊಟ್ಟೆ ಇಡುತ್ತದೆ, ಯಾವ ಹೊತ್ತಿಗೆ ಮೇಲೆ ಬರುತ್ತದೆ ಎಂಬುದು ಅರಮನೆಯಲ್ಲಿ ಕೂತು ತಿಳಿಯುವ ವಿಷಯವಲ್ಲ. ಅದೇ ಶತಮಾನದಲ್ಲಿ ಅಂಬಿಗರ ಚೌಡಯ್ಯ ತನ್ನ ಕಾಯಕದ ಹೆಸರನ್ನೇ ಮುಂದಿಟ್ಟುಕೊಂಡು ವಚನ ಹೇಳಿದ. ನೀರಿನ ಮೇಲೆ ಬದುಕಿದವರ ದನಿ ಕನ್ನಡದಲ್ಲಿ ನೇರವಾಗಿ ಕೇಳಿಸಿದ್ದು ಅವನಲ್ಲಿ.

ಚಾಲುಕ್ಯರ ನಂತರ ಸೇವುಣರು, ಬಹಮನಿಗಳು, ಆಮೇಲೆ ಆದಿಲ್‌ಶಾಹಿಗಳು. ವಿಜಯಪುರ ರಾಜಧಾನಿಯಾಗಿ ಬೆಳೆದಂತೆಲ್ಲ ನೀರಿನ ಹಸಿವೂ ಬೆಳೆಯಿತು. ಒಂದನೆಯ ಅಲಿ ಆದಿಲ್ ಶಾಹ್ 1579ರಲ್ಲಿ ಚಾಂದ್ ಬಾವಡಿ ಕಟ್ಟಿಸಿದ. ಎರಡನೆಯ ಇಬ್ರಾಹಿಮನ ಕಾಲದಲ್ಲಿ, 1620ರಲ್ಲಿ ತಾಜ್ ಬಾವಡಿ ಎದ್ದಿತು. ಅದರ ಕೊಳದ ಒಂದೊಂದು ಬದಿ 223 ಅಡಿ. ಪಶ್ಚಿಮದ ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ಊರಿಗೆ ಬಂತು. ಇವೆಲ್ಲ ಕುಡಿಯುವ ನೀರಿನ ಕೆಲಸಗಳು.

ಕುಮಟಗಿ ಬೇರೆ. ವಿಜಯಪುರದಿಂದ ಪೂರ್ವಕ್ಕೆ, ಸಿಂದಗಿ ದಾರಿಯಲ್ಲಿ ಸುಮಾರು ಇಪ್ಪತ್ತು ಕಿಲೊಮೀಟರ್ ಹೋದರೆ ಸಿಗುವ ಈ ಊರಿನ ಕೆರೆಯ ಬಳಿ ಆದಿಲ್‌ಶಾಹಿಗಳು ಬೇಸಿಗೆಯ ವಿಹಾರಕ್ಕೆಂದೇ ಮಂಟಪಗಳನ್ನು ಕಟ್ಟಿಸಿದರು. ನಾವು ಇಂದು ಕೇಳುವ ಪ್ರಶ್ನೆಯನ್ನೇ ಅವರೂ ಕೇಳಿಕೊಂಡಿರಬೇಕು: ರಾಜಧಾನಿಯ ಸೆಕೆಯಿಂದ ಪಾರಾಗಿ ಪರಿವಾರದೊಡನೆ ನಾಲ್ಕು ದಿನ ತಣ್ಣಗಿರಲು ಯಾವ ಕೆರೆ ಒಳ್ಳೆಯದು? ಹೊತ್ತು ಮುಳುಗುವುದರೊಳಗೆ ಕುದುರೆಯ ಮೇಲೆ ತಲುಪುವಷ್ಟು ಹತ್ತಿರ, ಆದರೆ ಪೇಟೆಯ ಗದ್ದಲ ಮುಟ್ಟದಷ್ಟು ದೂರ. ಒಂದು ಮಂಟಪ ನೀರಿನ ನಡುವೆಯೇ ಇದೆ. ಅದಕ್ಕೆ ಹೋಗಲು ಕಟ್ಟಿದ ದಾರಿ ಇದೆ. ಕೆರೆಯ ನೀರನ್ನು ಎತ್ತರದ ತೊಟ್ಟಿಗಳಿಗೆ ಏರಿಸಿ, ಗೋಡೆಯೊಳಗಿನ ಕೊಳವೆಗಳಲ್ಲಿ ಹರಿಸಿ, ಕಾರಂಜಿಗಳಾಗಿ, ಛಾವಣಿಯಿಂದ ಇಳಿಯುವ ತುಂತುರಾಗಿ ಸಿಂಪಡಿಸುವ ಏರ್ಪಾಡು ಅಲ್ಲಿತ್ತು. ಬರದ ನಾಡಿನ ನಡುವೆ ಮಳೆಯನ್ನು ಬೇಕೆಂದಾಗ ಸುರಿಸಿಕೊಳ್ಳುವ ಆಸೆಯೇ ಆ ಕೊಳವೆಗಳಲ್ಲಿ ಕಾಣುತ್ತದೆ.

ಅಲ್ಲಿನ ಗೋಡೆಗಳಲ್ಲಿ ಚಿತ್ರಗಳೂ ಇವೆ, ಈಗ ಬಹಳ ಮಾಸಿವೆ. ಕುದುರೆಯೇರಿ ಚೌಗಾನ್ ಆಡುವವರು, ಕುಸ್ತಿಯ ಜಟ್ಟಿಗಳು, ವಾದ್ಯ ನುಡಿಸುವವರು, ಯುರೋಪಿನ ಉಡುಪು ತೊಟ್ಟ ಅತಿಥಿಗಳು. ಪುರಾತತ್ವ ಇಲಾಖೆಯ ಹೆನ್ರಿ ಕಸೆನ್ಸ್ 1916ರ ತನ್ನ ವಿಜಯಪುರದ ಗ್ರಂಥದಲ್ಲಿ ಕುಮಟಗಿಯನ್ನು ವಿವರವಾಗಿ ದಾಖಲಿಸಿದ. ಕೆರೆ ದಂಡೆಯ ರಜೆ ಹೇಗಿತ್ತು ಎಂಬುದರ ಚಿತ್ರವನ್ನು ಆ ರಜೆಯ ಮನೆಯ ಗೋಡೆಯಲ್ಲೇ ಬಿಡಿಸಿಟ್ಟ ಉದಾಹರಣೆ ಕರ್ನಾಟಕದಲ್ಲಿ ಅಪರೂಪ. ಗೋಲಗುಮ್ಮಟ ನೋಡಿ ತಿರುಗಿ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಕುಮಟಗಿಯ ದಾರಿ ಹಿಡಿಯುವುದಿಲ್ಲ ಎಂಬುದು ನಿಜವಾಗಿಯೂ ನೋವಿನ ಸಂಗತಿ. ಮಳೆ ಕೈಕೊಟ್ಟ ವರ್ಷ ಆ ಕೆರೆ ಬತ್ತುತ್ತದೆ; ಮಂಟಪ ಮಾತ್ರ ಒಣನೆಲದಲ್ಲಿ ನಿಲ್ಲುತ್ತದೆ. ಗಾಳ ಹಿಡಿದು ಹೋಗುವವರಿಗೆ ಹೇಳಿಸಿದ ಜಾಗವಲ್ಲ. ಇತಿಹಾಸ ನೋಡಲು ಹೋಗುವ ಮನೆಮಂದಿಗೆ ಅದಕ್ಕಿಂತ ಒಳ್ಳೆಯ ಕೆರೆ ಈ ಸೀಮೆಯಲ್ಲಿ ಇನ್ನೊಂದಿಲ್ಲ.

1627ರಿಂದ 1656ರವರೆಗೆ ಆಳಿದ ಮೊಹಮ್ಮದ್ ಆದಿಲ್ ಶಾಹ್ ಗೋಲಗುಮ್ಮಟದಿಂದ ಲೋಕಕ್ಕೆ ಪರಿಚಿತ. ಆದರೆ ಬಬಲೇಶ್ವರ ಸೀಮೆಗೆ ಅವನ ಕೊಡುಗೆ ಮಮದಾಪುರದ ಜೋಡಿ ಕೆರೆಗಳು. ಒಂದು ದೊಡ್ಡದು, ಒಂದು ಸಣ್ಣದು. ಎರೆಭೂಮಿಯ ನಡುವೆ ಅಷ್ಟು ಅಗಲದ ನೀರು ಕಂಡಾಗ ಮೊದಲ ಸಲ ಬಂದವರು ದಂಡೆಯಲ್ಲೇ ನಿಂತುಬಿಡುತ್ತಾರೆ. ಸಾರವಾಡದವರ ಪಾಲಿಗೆ ಇದು ತಮ್ಮದೇ ಬಬಲೇಶ್ವರ ತಾಲ್ಲೂಕಿನ ಕೆರೆ. 2018ರಲ್ಲಿ ಬಬಲೇಶ್ವರವೂ ತಿಕೋಟವೂ ವಿಜಯಪುರದಿಂದ ಬೇರೆಯಾಗಿ ಹೊಸ ತಾಲ್ಲೂಕುಗಳಾದವು.

ಅದೇ ದೊರೆ 1651ರಲ್ಲಿ ರಾಣಿ ಜಹಾನ್ ಬೇಗಂಳ ನೆನಪಿಗೆ ರಾಜಧಾನಿಯ ದಕ್ಷಿಣಕ್ಕೆ ಬೇಗಂ ತಾಲಾಬ್ ಕಟ್ಟಿಸಿದ. ಲಂಡನ್ನಿನಲ್ಲಿ ವಾಲ್ಟನ್ನನ ಪುಸ್ತಕ ಹೊರಬರಲು ಇನ್ನೆರಡು ವರ್ಷ ಇತ್ತು. 234 ಎಕರೆಯ ಈ ಕೆರೆಯ ಬಲಮಗ್ಗುಲಿಗೆ ನೆಲದೊಳಗೆ ಒಂದು ಕೋಣೆ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ. ಕೊಳವೆಗಳನ್ನು 15ರಿಂದ 50 ಅಡಿ ಆಳದಲ್ಲಿ ಹೂತು, ಸುತ್ತ ಗಾರೆ ಕಟ್ಟಿದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ದಾರಿಯುದ್ದಕ್ಕೂ 25ರಿಂದ 40 ಅಡಿ ಎತ್ತರದ ಗೋಪುರಗಳನ್ನು ನಿಲ್ಲಿಸಿದರು. ಊರಿನವರು ಅವಕ್ಕೆ ಗಂಜ್ ಎನ್ನುತ್ತಾರೆ. ಇಂದು ಬೇಗಂ ತಾಲಾಬಿನ ದಂಡೆಗೆ ಮಕ್ಕಳನ್ನು ಕರೆತರುವವರು ಆ ಗಂಜ್‌ಗಳಲ್ಲಿ ಒಂದನ್ನಾದರೂ ತೋರಿಸಿ, ನೀರು ಅದರೊಳಗೆ ಏಕೆ ಏರಬೇಕಿತ್ತು ಎಂದು ಕೇಳಬೇಕು. ಪಾಠದ ಪುಸ್ತಕದ ಒತ್ತಡದ ನಿಯಮ ಅಲ್ಲಿ ಕಲ್ಲಿನಲ್ಲಿ ನಿಂತಿದೆ.

1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ವಿಜಯಪುರ ಸೋತಿತು. ರಾಜಧಾನಿ ಬರಿದಾದಂತೆ ಕೆರೆಗಳ ಹೂಳು ತೆಗೆಸುವವರೂ ಇಲ್ಲವಾದರು. ಒಡ್ಡು ಉಳಿದರೂ ಒಳಗಿನ ಆಳ ಹೋಯಿತು. ಎರಡು ಶತಮಾನಗಳ ಆ ನಿರ್ಲಕ್ಷ್ಯದ ಬೆಲೆ ತೆತ್ತವರು 1876-78ರ ಬರದಲ್ಲಿ ಸಿಕ್ಕ ಜನ. ಆಗ ಇದು ಕಲಾದಗಿ ಜಿಲ್ಲೆ. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿನಷ್ಟು ಕುಸಿಯಿತು. ಸತ್ತವರು ಎಷ್ಟೋ, ಗುಳೆ ಹೋದವರು ಎಷ್ಟೋ. ಈ ನೆಲದಲ್ಲಿ ಕೆರೆಯ ದಂಡೆಯ ವಿಹಾರ ಎಂಬ ಮಾತಾಡುವಾಗ ಆ ಬರವನ್ನು ಮರೆತು ಮಾತಾಡುವುದು ಸರಿಯಲ್ಲ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು, ಪಾಳುಬಿದ್ದ ಮಹಲುಗಳು ಕಚೇರಿಗಳಾದವು.

ಗಾಳದ ವಿಹಾರ ಈ ಹೊತ್ತಿಗೆ ಸಾಹೇಬರ ಹವ್ಯಾಸವಾಗಿತ್ತು. ಅದರ ದೊಡ್ಡ ಬರಹಗಾರನೂ ಕನ್ನಡ ನೆಲದಲ್ಲೇ ಇದ್ದ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು 1873ರಲ್ಲಿ ಹೊರತಂದ. ಹೊಳೆಯ ಮಹಶೀರ್ ಮೀನೇ ಅದರ ನಾಯಕ. 1887ರಲ್ಲಿ ಅವನೇ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಬರೆದ. ಹೊಳೆಯ ಭಾಗ್ಯವಿಲ್ಲದೆ ಕೆರೆಯನ್ನೇ ನಂಬಿದ ಊರುಗಳಲ್ಲಿ ಗಾಳ ಹಾಕುವವರಿಗೆಂದೇ ಬರೆದ ಪುಸ್ತಕ ಅದು. ಮತ್ಸ್ಯವಿನೋದದ ದೊರೆಗೂ ಈ ಕಲೆಕ್ಟರನಿಗೂ ನಡುವೆ ಏಳೂವರೆ ಶತಮಾನ ಕಳೆದಿದ್ದರೂ ದಂಡೆಯಲ್ಲಿ ಬಿಡುವಾಗಿ ಕೂರುವ ಹಕ್ಕು ಆಳುವವರ ಕೈ ದಾಟಿರಲಿಲ್ಲ.

ಹಾಗೆಂದು ಸಾಮಾನ್ಯರ ಮನೆಗಳಿಗೆ ನೀರಿನ ದಂಡೆಯ ಹಬ್ಬವೇ ಇರಲಿಲ್ಲವೆಂದಲ್ಲ. ಸಂಕ್ರಾಂತಿಗೆ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಜಳಕ ಮಾಡುವುದು ಈ ಸೀಮೆಯ ಹಳೆಯ ರೂಢಿ. ಬಬಲೇಶ್ವರ ಕಡೆಯವರು ಗಲಗಲಿಗೆ, ಕೊಲ್ಹಾರಕ್ಕೆ, ಕೂಡಲಸಂಗಮಕ್ಕೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹೋಳಿಗೆ, ಮಾದಲಿ, ಮೊಸರನ್ನ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ರೂಢಿಯೂ ಇಂಥದ್ದೇ. ಕುಟುಂಬದ ರಜೆ ಎಂದು ಯಾರೂ ಅದನ್ನು ಕರೆಯಲಿಲ್ಲ. ಆದರೆ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಮನೆ ಬಿಟ್ಟು ಹೊರಗೆ ಉಂಡು ಬರುವ ದಿನಗಳು ಅವೇ ಆಗಿದ್ದವು. ಗಾಳ ಮಾತ್ರ ಆ ಬುತ್ತಿಯ ಜೊತೆ ಹೋಗುತ್ತಿರಲಿಲ್ಲ. ಶರಣರ ನಾಡಾದ ಈ ಭಾಗದಲ್ಲಿ ಮೀನು ತಿನ್ನದ ಮನೆಗಳು ಬಹಳ. ಅಂಥ ಮನೆಯ ಮಕ್ಕಳು ಚುರುಮುರಿ ಎಸೆದು, ಮೀನು ಮೇಲೆ ಬಂದು ಬಾಯಿ ತೆರೆಯುವುದನ್ನು ನೋಡಿ ಖುಷಿಪಡುತ್ತವೆ. ಸೋಮೇಶ್ವರನ ಕ್ರಮದ ಮೊದಲ ಹೆಜ್ಜೆಯೂ ತಿನಿಸು ಹಾಕುವುದೇ.

ಮೀನಿನ ಲೋಕದಲ್ಲಿ ದೊಡ್ಡ ತಿರುವು ಬಂದದ್ದು 1957ರ ಜುಲೈ 10ರಂದು, ದೂರದ ಒಡಿಶಾದಲ್ಲಿ. ಹೀರಾಲಾಲ್ ಚೌಧರಿ ಮತ್ತು ಸಂಗಡಿಗರು ಮೀನಿನ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ, ಹರಿವ ಹೊಳೆಯಲ್ಲಷ್ಟೇ ಮೊಟ್ಟೆ ಇಡುತ್ತಿದ್ದ ಗೆಂಡೆ ಜಾತಿಯ ಮೀನುಗಳನ್ನು ಕೊಳದಲ್ಲೇ ಮರಿ ಮಾಡಿಸಿದರು. ಆ ದಿನವನ್ನು ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಕಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನ ಮೀನುಗಳೆಂದೇ ಹೆಸರಾದವು. ಅವುಗಳ ಮರಿ ಬೇಕಾದಷ್ಟು ಸಿಗತೊಡಗಿದ ಮೇಲೆ ಉತ್ತರ ಕರ್ನಾಟಕದ ಕೆರೆಗಳಿಗೂ ಬಂದವು. ಮೊದಲು ಬಾಳೆಮೀನು, ಚೇಳುಮೀನು, ಸಣ್ಣಪುಟ್ಟ ನಾಟಿ ತಳಿಗಳಷ್ಟೇ ಇದ್ದ ಕೆರೆಯಲ್ಲಿ ಈಗ ಗಾಳಕ್ಕೆ ಬೀಳುವುದು ಹೆಚ್ಚಾಗಿ ಬಿತ್ತಿದ ಮೀನು. ಕೆರೆ ಹೊಲದಂತೆ ಆಯಿತು: ಬಿತ್ತುವವರಿದ್ದಾರೆ, ಕೊಯ್ಯುವ ಹಕ್ಕಿಗೆ ಗುತ್ತಿಗೆ ಇದೆ. ವಿಜಯಪುರದ ಭೂತನಾಳದಲ್ಲಿ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೇ ಇದೆ. ಕೆರೆ ಮೀನಿನ ಬಗ್ಗೆ ಅನುಮಾನವಿದ್ದವರು ಮೊದಲು ಕೇಳಬೇಕಾದ ಬಾಗಿಲು ಅದು.

ನೀರಿನ ಲೆಕ್ಕ ತಲೆಕೆಳಗಾದದ್ದು ಆಲಮಟ್ಟಿಯಿಂದ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಆ ಅಣೆಕಟ್ಟು ಮುಗಿಯಲು ನಾಲ್ಕು ದಶಕ ಹಿಡಿಯಿತು. ಹಳ್ಳಿಗಳು ಮುಳುಗಿದವು, ಸಾವಿರಾರು ಮನೆಗಳು ಒಕ್ಕಲೆದ್ದವು. ಅದೇ ಹಿನ್ನೀರಿನಲ್ಲಿ ಮೀನುಗಾರರ ಹೊಸ ಬದುಕು ಹುಟ್ಟಿತು, ಚಳಿಗಾಲಕ್ಕೆ ರಾಜಹಂಸಗಳು ಬರತೊಡಗಿದವು, ಅಣೆಕಟ್ಟಿನ ಮಗ್ಗುಲ ಉದ್ಯಾನಗಳು ಸುತ್ತಣ ಜಿಲ್ಲೆಗಳ ಕುಟುಂಬಗಳಿಗೆ ರಜೆಯ ಜಾಗವಾದವು. ನಂತರದ ಹಂತದಲ್ಲಿ ಮುಳವಾಡ ಏತ ನೀರಾವರಿ, ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳು ಕೃಷ್ಣೆಯ ನೀರನ್ನು ಎತ್ತರದ ಎರೆಹೊಲಗಳತ್ತ ಏರಿಸಿದವು. ವಿಜಯಪುರ, ಬಬಲೇಶ್ವರ, ತಿಕೋಟ ಭಾಗದ ಕೆರೆಗಳನ್ನು ತುಂಬಿಸುವ ಕೆಲಸ 2013ರ ನಂತರ ಜೋರಾಯಿತು. ಮಮದಾಪುರದ ಹಳೆಯ ಒಡ್ಡುಗಳಿಗೆ ಹೀಗೆ ಹೊಳೆಯ ನೀರು ತಾಗಿತು. ಹಳ್ಳದ ಮಳೆಗೆಂದು ಕಟ್ಟಿದ ಕೆರೆಗೆ ಹೊಳೆ ತಾನೇ ಗುಡ್ಡ ಹತ್ತಿ ಬರುತ್ತದೆಂದು ಮೊಹಮ್ಮದ್ ಆದಿಲ್ ಶಾಹನ ಒಡ್ಡರು ಎಣಿಸಿರಲಾರರು.

ಇಷ್ಟೆಲ್ಲ ತಿಳಿದ ಮೇಲೆ ಸಾರವಾಡದ ಒಂದು ಮನೆ ಕೆರೆ ಆರಿಸುವುದು ಕಷ್ಟವಲ್ಲ. ಒಂದೇ ದಿನಕ್ಕೆ, ಚಿಕ್ಕ ಮಕ್ಕಳಿದ್ದರೆ, ಬೇಗಂ ತಾಲಾಬ್ ಸಾಕು: ಊರಿಗೆ ಹತ್ತಿರ, ದಂಡೆಯಲ್ಲಿ ಕೂರಲು ಜಾಗವಿದೆ. ಗಾಳದ ಆಸೆ ಇದ್ದವರಿಗೆ ಮಮದಾಪುರವೇ ಮೊದಲ ಆಯ್ಕೆ. ಏಕೆಂದರೆ ಕೆರೆ ವಿಸ್ತಾರ, ಕಾಲುವೆಯ ನೀರು ಸಿಗುವುದರಿಂದ ನೆಚ್ಚಿಗೆಯೂ ಹೆಚ್ಚು. ಎರಡು ದಿನ ಇರಬಲ್ಲವರು ಆಲಮಟ್ಟಿಗೆ ಹೋಗಲಿ. ಆದರೆ ಹಿನ್ನೀರು ಕೆರೆಯಲ್ಲ, ಅಲ್ಲಿ ಗಾಳಿ ಎದ್ದರೆ ಅಲೆ ಏಳುತ್ತದೆ, ಕೆಸರಿನ ಇಳಿಜಾರು ಮೋಸ ಮಾಡುತ್ತದೆ, ಮಕ್ಕಳ ಕೈ ಬಿಡುವಂತಿಲ್ಲ. ಯಾವ ಕೆರೆಯಾದರೂ ಹೊರಡುವ ಮುಂಚೆ ಊರಿನವರನ್ನು ಮೂರು ಮಾತು ಕೇಳಬೇಕು: ಈ ವರ್ಷ ನೀರು ಎಷ್ಟಿದೆ, ಮೀನಿನ ಗುತ್ತಿಗೆ ಯಾರದು, ಇದರಿಂದ ಕುಡಿಯುವ ನೀರು ಎತ್ತುತ್ತಾರೆಯೇ. ಎರಡನೆಯ ಪ್ರಶ್ನೆಯನ್ನು ಬಿಟ್ಟವರೇ ಜಗಳಕ್ಕೆ ಸಿಕ್ಕುವುದು. ಮರಿ ಬಿಟ್ಟು, ವರ್ಷವಿಡೀ ಕಾದು, ಬಲೆ ಹಾಕುವ ಸಹಕಾರ ಸಂಘದವರ ದುಡಿಮೆ ಆ ನೀರಿನೊಳಗಿದೆ. ಕೇಳಿದರೆ ಕೊಡುವವರೇ ಹೆಚ್ಚು; ಎಲ್ಲಿ ಕೂತರೆ ಮೀನು ಕಚ್ಚುತ್ತದೆ ಎಂದೂ ಅವರೇ ತೋರಿಸುತ್ತಾರೆ.

ಕಾಲವನ್ನೂ ಆರಿಸಬೇಕು. ಮುಂಗಾರಿನ ತಿಂಗಳುಗಳು ಮೀನು ಮೊಟ್ಟೆ ಇಡುವ ಹೊತ್ತು, ಆಗ ಗಾಳವನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು. ದೀಪಾವಳಿ ಕಳೆದು ಕೆರೆ ತಿಳಿಯಾದ ಮೇಲೆ, ಎಳ್ಳ ಅಮಾವಾಸ್ಯೆಯಿಂದ ಸಂಕ್ರಾಂತಿಯವರೆಗಿನ ದಿನಗಳು ಮಮದಾಪುರಕ್ಕೆ ಹೇಳಿಸಿದ್ದು. ಬಿಸಿಲು ಹಿತ, ಹೊಲದಲ್ಲಿ ಕಡಲೆ ಸುಲಗಾಯಿ, ಜೋಳ ತೆನೆ ಕಟ್ಟುವ ಸಮಯ, ಬುತ್ತಿಯಲ್ಲಿ ಸಜ್ಜಿ ರೊಟ್ಟಿ ಇದ್ದೇ ಇರುತ್ತದೆ.